ಮೇಸ್ತ್ರಿ ಹೇಳಿದ 15 ಮೆಟ್ಟಿಲು ಸಾಕಾ? ಮನೆ ಮೆಟ್ಟಿಲು, ಕಂಬಿ, ಲ್ಯಾಂಡಿಂಗ್ ಲೆಕ್ಕ

ಪ್ರಶ್ನೆ: ದಾವಣಗೆರೆಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ಹಾಲ್, ಅಡುಗೆಮನೆ, ಅಮ್ಮನ ಕೋಣೆ. ಮೇಲೆ ಎರಡು ಬೆಡ್‌ರೂಮ್, ದೇವರಮನೆ. ಮೆಟ್ಟಿಲಿಗೆ ಗೋಡೆಯಿಂದ ಗೋಡೆಗೆ 6 ಅಡಿ ಅಗಲ, 11 ಅಡಿ ಉದ್ದ ಬಿಟ್ಟಿದ್ದೇವೆ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು. 15 ಮೆಟ್ಟಿಲು ಸಾಕು, ವಾಸ್ತುಗೂ ಬೆಸ ಸಂಖ್ಯೆ ಬರುತ್ತೆ ಅಂತಾರೆ ಮೇಸ್ತ್ರಿ. ತಿರುವಿನಲ್ಲಿ ಲ್ಯಾಂಡಿಂಗ್ (ನಡುವಿನ ಸಮತಟ್ಟು ಜಾಗ) ಬದಲು ತ್ರಿಕೋನದ ಮೆಟ್ಟಿಲು ಹಾಕಿದರೆ ಜಾಗ ಉಳಿಯುತ್ತೆ ಅಂತಲೂ ಹೇಳುತ್ತಾರೆ. ಅಮ್ಮನಿಗೆ ಮಂಡಿನೋವು, ಮಗನಿಗೆ 3 ವರ್ಷ. ನಿಯಮ ಏನು ಹೇಳುತ್ತದೆ? ಎರಡೂ ಕಡೆ ಕಂಬಿ ಬೇಕಾ? ಮೆಟ್ಟಿಲ ಕೆಳಗೆ ಟಾಯ್ಲೆಟ್ ಮಾಡಬಹುದಾ? ಮುಂದಿನ ವಾರ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಹಲಗೆ ಕಟ್ಟುವ ಕೆಲಸ) ಶುರು.

ಉತ್ತರ: ಸೆಂಟ್ರಿಂಗ್‌ಗೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕಾಂಕ್ರೀಟ್ ಬಿದ್ದ ಮೇಲೆ ಮೆಟ್ಟಿಲನ್ನು ಸರಿಮಾಡುವುದು ಅಂದರೆ ಒಡೆಯುವುದೇ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. 15 ಸಾಲದು. ತ್ರಿಕೋನದ ಮೆಟ್ಟಿಲು ಬೇಡ. 6 ಅಡಿ ಅಗಲವನ್ನು 7 ಅಡಿ ಮಾಡಿ. ಹಾಲ್‌ನಿಂದ ಒಂದು ಅಡಿ ಹೋಗುತ್ತೆ, ಹೋಗಲಿ.

ನಿಯಮ ಅಂದರೆ ಯಾವುದು? ಭಾರತೀಯ ಮಾನಕ ಬ್ಯೂರೋ ಹೊರತರುವ ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. ಮೊದಲು ಬಂದಿದ್ದು 1970ರಲ್ಲಿ, ನಾನಿಲ್ಲಿ ಹೇಳುವ ಅಳತೆಗಳು 2016ರ ಆವೃತ್ತಿಯವು. ಅದು ತಾನಾಗಿಯೇ ಕಾನೂನಲ್ಲ, ಮಾರ್ಗಸೂಚಿ. ನಿಮ್ಮನ್ನು ಕಟ್ಟಿಹಾಕುವುದು ನಿಮ್ಮ ಪಾಲಿಕೆಯ ಕಟ್ಟಡ ಬೈಲಾ. ಬೆಂಗಳೂರಿಗೆ 2003ರ ಬೈಲಾ ಇದ್ದ ಹಾಗೆ ಪ್ರತಿ ಊರಿಗೂ ಅದರದ್ದೇ ಇರುತ್ತದೆ, ಆದ್ದರಿಂದ ಪ್ಲಾನ್ ಮಂಜೂರು ಮಾಡಿಸಿದ ಎಂಜಿನಿಯರ್ ಹತ್ತಿರ ನಿಮ್ಮ ಊರಿನ ಪ್ರತಿ ಕೇಳಿ ನೋಡಿ. ಆದರೆ ಒಂದು ವಿಷಯ ಗಮನಿಸಿ. ಮಂಜೂರಾತಿ ನಕ್ಷೆಯಲ್ಲಿ ಮೆಟ್ಟಿಲು ಅಂದರೆ ಸುಮ್ನೆ ಒಂದಷ್ಟು ಗೆರೆ, ಮೇಲೊಂದು ಬಾಣದ ಗುರುತು. ಮೆಟ್ಟಿಲಿನ ಎತ್ತರ ಎಷ್ಟು ಅನ್ನುವುದು ನಿಜವಾಗಿ ತೀರ್ಮಾನ ಆಗುವುದು ಸೈಟಿನಲ್ಲಿ, ಮೇಸ್ತ್ರಿ ಗೋಡೆ ಮೇಲೆ ದಾರ ಹೊಡೆದು ಗುರುತು ಹಾಕುವ ಆ ಅರ್ಧ ಗಂಟೆಯಲ್ಲಿ. ಅವತ್ತು ನೀವು ಅಲ್ಲಿ ಇರಬೇಕು.

ಈಗ ಲೆಕ್ಕ. 10 ಅಡಿ 6 ಇಂಚು ಅಂದರೆ 3200 ಮಿ.ಮೀ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹತ್ತುವ ಎತ್ತರವನ್ನು ಏರು ಅಂತೀವಿ. ಇದನ್ನು 15 ಏರಿಗೆ ಹಂಚಿದರೆ ಒಂದೊಂದು 213 ಮಿ.ಮೀ., ಅಂದರೆ ಎಂಟು ಇಂಚಿಗೂ ಜಾಸ್ತಿ. ಸಂಹಿತೆ ವಾಸದ ಮನೆಗೆ ಕೊಟ್ಟಿರುವ ಮಿತಿ 190 ಮಿ.ಮೀ., ಏಳೂವರೆ ಇಂಚು. ಬೇರೆ ಕಟ್ಟಡಗಳಿಗೆ ಇನ್ನೂ ಕಡಿಮೆ, 150. ಕೆಲವು ಮೇಸ್ತ್ರಿಗಳು ಕಾಲಿಡುವ ಹಲಗೆಗಳನ್ನಷ್ಟೇ ಎಣಿಸುತ್ತಾರೆ, ಮೇಲಿನ ನೆಲಕ್ಕೆ ಹತ್ತುವ ಕೊನೆಯ ಏರನ್ನು ಬಿಡುತ್ತಾರೆ. ಹಾಗೆ ಎಣಿಸಿ 16 ಅಂತ ಹಿಡಿದರೂ 200 ಬರುತ್ತೆ, ಆಗಲೂ ಮಿತಿ ದಾಟುತ್ತೆ. 17 ಏರು ಮಾಡಿದರೆ 188. ನಿಯಮಕ್ಕೆ ಸರಿಹೋಯಿತು. ಆದರೆ ಅದು ನಿಯಮದ ಅಂಚು, ಮಂಡಿನೋವಿರುವವರಿಗೆ ಕಷ್ಟವೇ. ನಾನಾಗಿದ್ದರೆ 19 ಮಾಡಿಸುತ್ತೇನೆ. ಒಂದೊಂದು 168 ಮಿ.ಮೀ., ಆರೂವರೆ ಇಂಚಿಗಿಂತ ಕೂದಲೆಳೆ ಜಾಸ್ತಿ. ದೇವರಮನೆ ಮೇಲೆ ಇದೆ ಅಂದಿರಲ್ಲ, ಅಮ್ಮ ದಿನಾ ಹತ್ತಿ ಇಳಿಯುತ್ತಾರೆ. 15ರ ಲೆಕ್ಕಕ್ಕೆ ಹೋಲಿಸಿದರೆ ಪ್ರತಿ ಹೆಜ್ಜೆಗೂ ನಾಲ್ಕೂವರೆ ಸೆಂಟಿಮೀಟರ್ ಕಡಿಮೆ ಎತ್ತಬೇಕಾಗುತ್ತೆ. ವಾಸ್ತು ಬಗ್ಗೆ ಚಿಂತೆ ಬೇಡ, 17 ಕೂಡ ಬೆಸ, 19 ಕೂಡ ಬೆಸ. ಬಲಗಾಲಿಟ್ಟು ಶುರು ಮಾಡಿದರೆ ಬಲಗಾಲಲ್ಲೇ ಮೇಲಿನ ನೆಲ ಮುಟ್ಟುತ್ತೀರಿ. ಹಿರಿಯರ ನಂಬಿಕೆಯನ್ನೂ ಮಂಡಿಯನ್ನೂ ಎರಡನ್ನೂ ಉಳಿಸಿಕೊಳ್ಳಬಹುದು.

ಕಾಲಿಡುವ ಅಗಲ, ಟ್ರೆಡ್ ಅಂತೀವಲ್ಲ, ಅದು ಮನೆಗೆ ಕನಿಷ್ಠ 250 ಮಿ.ಮೀ., ಅಂದರೆ 10 ಇಂಚು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಗ್ರಾನೈಟ್ ಚಪ್ಪಡಿ ಮುಂದಕ್ಕೆ ಚಾಚಿಕೊಂಡಿರುತ್ತಲ್ಲ ಒಂದು ಇಂಚು, ಅದನ್ನು ಬಿಟ್ಟು 250 ಇರಬೇಕು. 9 ಇಂಚಿನ ಕಾಂಕ್ರೀಟ್ ಮೆಟ್ಟಿಲು ಮಾಡಿ, ಕಲ್ಲು ಒಂದು ಇಂಚು ಚಾಚಿಸಿ, "ನೋಡಿ ಸರ್ ಹತ್ತಿಂಚು ಬಂತು" ಅಂದರೆ ಒಪ್ಪಬೇಡಿ. ಹತ್ತುವಾಗ ಅದು ಗೊತ್ತಾಗುವುದಿಲ್ಲ, ಮುಂಗಾಲು ಊರಿದರೆ ಸಾಕು. ಇಳಿಯುವಾಗ ಹಿಮ್ಮಡಿ ಮೇಲಿನ ಮೆಟ್ಟಿಲಿನ ಮುಖಕ್ಕೆ ತಗಲುತ್ತೆ, ಪಾದದ ಮುಂಭಾಗ ಅಂಚಿನಿಂದ ಆಚೆ ತೂಗುತ್ತೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅನ್ನುವುದು ಅಮ್ಮನನ್ನು ಕೇಳಿದರೆ ಅವರೇ ಹೇಳುತ್ತಾರೆ.

ಏರು, ಅಗಲ ಎರಡೂ ಹೊಂದಬೇಕು. ಫ್ರಾನ್ಸಿನ ಫ್ರಾಂಸ್ವಾ ಬ್ಲಾಂಡೆಲ್ ಎಂಬ ವಾಸ್ತುಶಿಲ್ಪಿ 17ನೇ ಶತಮಾನದಲ್ಲಿ ಹಾಕಿಕೊಟ್ಟ ಲೆಕ್ಕ ಒಂದಿದೆ, ಇವತ್ತಿಗೂ ನಾವೆಲ್ಲ ಅದನ್ನೇ ಬಳಸುವುದು. ಏರಿನ ಎರಡರಷ್ಟಕ್ಕೆ ಟ್ರೆಡ್ ಸೇರಿಸಿದರೆ ಒಂದು ಸಹಜ ಹೆಜ್ಜೆಯಷ್ಟು ಬರಬೇಕು, ಸುಮಾರು 600ರಿಂದ 640 ಮಿ.ಮೀ. ಹಾಕಿ ನೋಡಿ. 168ರ ಎರಡರಷ್ಟು 336, ಅದಕ್ಕೆ 11 ಇಂಚಿನ ಟ್ರೆಡ್ ಅಂದರೆ 279 ಸೇರಿಸಿ, 615. ಚೆನ್ನಾಗಿದೆ. ಮೇಸ್ತ್ರಿಯ 213ಕ್ಕೆ 9 ಇಂಚಿನ ಟ್ರೆಡ್ ಸೇರಿಸಿದರೆ 655, ಮೆಟ್ಟಿಲು 43 ಡಿಗ್ರಿಯಷ್ಟು ಕಡಿದಾಗುತ್ತೆ. ನಾನು ಹೇಳಿದ್ದು 31 ಡಿಗ್ರಿ.

ಜಾಗ ಸಾಲುತ್ತಾ? 19 ಏರನ್ನು 10 ಮತ್ತು 9 ಅಂತ ಎರಡು ಫ್ಲೈಟ್, ಅಂದರೆ ಎರಡು ಮೆಟ್ಟಿಲು ಸಾಲು ಮಾಡಿ, ನಡುವೆ ಲ್ಯಾಂಡಿಂಗ್. ಒಂದೇ ಫ್ಲೈಟಿನಲ್ಲಿ 12ಕ್ಕಿಂತ ಜಾಸ್ತಿ ಏರು ಇರಬಾರದು ಅನ್ನುತ್ತದೆ ಸಂಹಿತೆ, ಅದೂ ಸರಿಹೋಯಿತು. 10 ಏರಿಗೆ 9 ಟ್ರೆಡ್. 10 ಇಂಚಿನದಾದರೆ 2286 ಮಿ.ಮೀ., ಜೊತೆಗೆ 1000 ಲ್ಯಾಂಡಿಂಗ್, ಒಟ್ಟು 3286. ನಿಮ್ಮ 11 ಅಡಿ ಅಂದರೆ 3353. ಪ್ಲಾಸ್ಟರ್ ಕಳೆದರೂ ಹಿಡಿಸುತ್ತೆ. ಇನ್ನೊಂದು 7 ಇಂಚು ಉದ್ದ ಕೊಡೋಕಾದರೆ 11 ಇಂಚಿನ ಟ್ರೆಡ್ಡೇ ಮಾಡಿಸಿ, ಅದೇ ನನ್ನ ಆಯ್ಕೆ. ಉದ್ದ ಇಲ್ಲವೇ ಇಲ್ಲ ಅಂದರೆ 10 ಇಂಚಿಗೆ ನಿಲ್ಲಿ, ಅದಕ್ಕಿಂತ ಕೆಳಗೆ ಇಳಿಯಬೇಡಿ.

ಅಗಲದ ವಿಷಯಕ್ಕೆ ಬಂದರೆ, ಮನೆಯ ಮೆಟ್ಟಿಲು ಕನಿಷ್ಠ 1 ಮೀಟರ್ ಇರಬೇಕು. ಕಂಬಿ ಆ ಅಗಲವನ್ನು ತಿನ್ನಬಾರದು. ಎರಡು ಫ್ಲೈಟ್ ಪಕ್ಕಪಕ್ಕ ಬಂದಾಗ ನಡುವೆ ಕಂಬಿಗೆ ಸ್ವಲ್ಪ ಸಂದು, ಎರಡೂ ಬದಿ ಪ್ಲಾಸ್ಟರ್, ಎಲ್ಲ ಸೇರಿದರೆ 7 ಅಡಿ ಬೇಕೇ ಬೇಕು. 6 ಅಡಿಯಲ್ಲಿ ಒಂದೊಂದು ಫ್ಲೈಟಿಗೆ ಉಳಿಯುವುದು 85 ಸೆಂಟಿಮೀಟರ್ ಅಷ್ಟೇ. ಒಬ್ಬರು ಓಡಾಡಲು ಸಾಕು ಅನ್ನಿಸಬಹುದು. ಗೋದ್ರೆಜ್ ಬೀರು ಮೇಲೆ ಸಾಗಿಸುವ ದಿನ, ಅಥವಾ ಹುಷಾರಿಲ್ಲದವರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಡಿದು ಕೆಳಗಿಳಿಸುವ ದಿನ ಆ 15 ಸೆಂಟಿಮೀಟರ್‌ನ ಬೆಲೆ ಗೊತ್ತಾಗುತ್ತೆ.

ಅದಕ್ಕೇ ಲ್ಯಾಂಡಿಂಗ್ ಕೂಡ ಮೆಟ್ಟಿಲಿನ ಅಗಲದಷ್ಟಾದರೂ ಇರಬೇಕು. ನಿಮ್ಮಲ್ಲಿ 1 ಮೀಟರ್. ತ್ರಿಕೋನದ ಮೆಟ್ಟಿಲಿನಲ್ಲಿ ಆಗುವುದೇನು? ಗೋಡೆ ಬದಿಗೆ ಕಾಲಿಡಲು ಅಡಿಗಟ್ಟಲೆ ಜಾಗ, ಒಳಮೂಲೆಯಲ್ಲಿ ಎರಡು ಬೆರಳಿನಷ್ಟೂ ಇಲ್ಲ. ಕಂಬಿ ಇರುವುದು ಆ ಒಳಮೂಲೆಯ ಕಡೆಯೇ. ಅಂದರೆ ಕಂಬಿ ಹಿಡಿದುಕೊಂಡು ಇಳಿಯುವವರು, ಅಂದರೆ ಯಾರಿಗೆ ಆಸರೆ ಬೇಕೋ ಅವರೇ, ಕಾಲಿಡಲು ಜಾಗ ಇಲ್ಲದ ಕಡೆಗೇ ಹೋಗುತ್ತಾರೆ. ಬಿದ್ದರೆ ನಡುವೆ ತಡೆಯುವ ಸಮತಟ್ಟು ಜಾಗವೂ ಇಲ್ಲ, ನೇರ ಕೆಳಗೆ. ಲ್ಯಾಂಡಿಂಗ್ ಇದ್ದರೆ ಅಮ್ಮ ಅಲ್ಲಿ ಒಂದು ನಿಮಿಷ ನಿಂತು ಸುಧಾರಿಸಿಕೊಳ್ಳಬಹುದು. ಇನ್ನೊಂದು, ಮೇಲಿನ ಬೆಡ್‌ರೂಮಿನ ಬಾಗಿಲು ಮೆಟ್ಟಿಲಿನ ತಲೆಯ ಮೇಲೇ ತೆರೆದುಕೊಳ್ಳಬಾರದು. ಬಾಗಿಲು ಕೋಣೆಯೊಳಕ್ಕೆ ತೆರೆಯಲಿ, ಹೊರಗೆ ಒಂದು ಮೀಟರ್ ನೆಲ ಇರಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಎಲ್ಲ ಏರೂ ಒಂದೇ ಎತ್ತರ ಇರಬೇಕು. ಮೆಟ್ಟಿಲು ಹತ್ತುವಾಗ ನಾವು ಪ್ರತಿ ಮೆಟ್ಟಿಲನ್ನೂ ನೋಡುವುದಿಲ್ಲ. ಮೊದಲ ಎರಡು ಮೂರರಲ್ಲಿ ಕಾಲಿಗೆ ಲೆಕ್ಕ ಸಿಕ್ಕಿಬಿಡುತ್ತೆ, ಆಮೇಲೆ ಅದೇ ಎತ್ತರಕ್ಕೆ ಕಾಲು ತಾನಾಗಿ ಏಳುತ್ತೆ. ಮಧ್ಯೆ ಒಂದು ಮೆಟ್ಟಿಲು ಬೇರೆಯಾದರೆ ಮುಗ್ಗರಿಸುತ್ತೇವೆ. ಅಮೆರಿಕದ ಮನೆಗಳ ಸಂಹಿತೆಯಲ್ಲಿ ಒಂದು ಫ್ಲೈಟಿನ ಅತಿ ಎತ್ತರದ ಏರಿಗೂ ಅತಿ ಗಿಡ್ಡ ಏರಿಗೂ ಇರಬಹುದಾದ ವ್ಯತ್ಯಾಸ ಮುಕ್ಕಾಲು ಇಂಚಿನ ಅರ್ಧ, ಹತ್ತಿರಹತ್ತಿರ 10 ಮಿ.ಮೀ. ಅಷ್ಟೇ. ನಮ್ಮ ಮನೆಗಳಲ್ಲಿ ನಾನು ನೋಡುವುದು ಎರಡು ಮೂರು ಇಂಚಿನ ವ್ಯತ್ಯಾಸ. ಅದೂ ಬಹುಪಾಲು ಮೊದಲ ಮತ್ತು ಕೊನೆಯ ಮೆಟ್ಟಿಲಿನಲ್ಲೇ. ಯಾಕೆ ಗೊತ್ತಾ?

ಮೇಸ್ತ್ರಿ ಸೆಂಟ್ರಿಂಗ್ ಮಾಡುವಾಗ ಕಾಂಕ್ರೀಟ್ ಲೆಕ್ಕದಲ್ಲಿ ಎಲ್ಲ ಮೆಟ್ಟಿಲನ್ನೂ ಸಮ ಮಾಡುತ್ತಾರೆ. ಆಮೇಲೆ ಬರುತ್ತೆ ಫ್ಲೋರಿಂಗ್. ಮೆಟ್ಟಿಲಿನ ಮೇಲೆ ಗ್ರಾನೈಟ್ 20, ಅದರ ಕೆಳಗೆ ಗಾರೆ 20, ಒಟ್ಟು 40 ಮಿ.ಮೀ. ಏರುತ್ತೆ. ಕೋಣೆಯ ನೆಲದಲ್ಲಿ ಬೆಡ್ ಕಾಂಕ್ರೀಟು, ಪೈಪಿನ ಮೇಲಿನ ತುಂಬು, ಗಾರೆ, ಟೈಲ್ಸ್ ಎಲ್ಲ ಸೇರಿ 75 ಮಿ.ಮೀ. ಏರಿತು ಅಂತಿಟ್ಟುಕೊಳ್ಳಿ. ಕೆಳಗಿನ ನೆಲ 75 ಮೇಲೆ ಬಂತು, ಮೊದಲ ಮೆಟ್ಟಿಲು 40 ಮಾತ್ರ ಮೇಲೆ ಬಂತು. 168 ಇರಬೇಕಾದ ಮೊದಲ ಏರು 133 ಆಯಿತು. ಮೇಲೆ ಉಲ್ಟಾ. ಕೊನೆಯ ಮೆಟ್ಟಿಲು 40 ಏರಿತು, ಮೇಲಿನ ನೆಲ 75 ಏರಿತು, ಕೊನೆಯ ಏರು 203 ಆಗಿ ಕೂತಿತು. ಮೇಲೆ ಮುಗ್ಗರಿಸುವುದು, ಕೆಳಗೆ ನೆಲ ಬೇಗ ಸಿಕ್ಕಿ ಮಂಡಿಗೆ ಝಟ್ಟನೆ ಹೊಡೆತ ಬೀಳುವುದು, ಎರಡಕ್ಕೂ ಇದೇ ಕಾರಣ.

ಪರಿಹಾರ ಸುಲಭ, ಖರ್ಚೂ ಇಲ್ಲ. ಕಾಂಕ್ರೀಟಿನ ಮೊದಲ ಏರನ್ನು 203 ಮಾಡಿಸಿ, ಕೊನೆಯದನ್ನು 133 ಮಾಡಿಸಿ, ನಡುವಿನವೆಲ್ಲ 168. ಲ್ಯಾಂಡಿಂಗ್‌ಗೂ ಮೆಟ್ಟಿಲಿನಷ್ಟೇ ದಪ್ಪದ ಫಿನಿಶ್ ಬರಲಿ, ಆಗ ಅಲ್ಲಿ ಲೆಕ್ಕ ತಪ್ಪುವುದಿಲ್ಲ. ಕಲ್ಲು ಕೂರಿಸಿದ ಮೇಲೆ ಎಲ್ಲ ಸಮ ಬರುತ್ತೆ. ಆದರೆ ಇದಕ್ಕೆ ಯಾವ ಟೈಲ್ಸ್, ಎಷ್ಟು ದಪ್ಪ, ಕೆಳಗೆ ಎಷ್ಟು ಬೆಡ್ ಅನ್ನುವುದು ಈಗಲೇ ಗೊತ್ತಿರಬೇಕು. ಆ 75, 40 ನನ್ನ ಉದಾಹರಣೆ, ನಿಮ್ಮ ಮನೆಯ ಅಂಕಿ ಹಾಕಿಕೊಳ್ಳಿ. ಒಂದು ಉದ್ದ ಪಟ್ಟಿ ತಗೊಂಡು ಫಿನಿಶ್ ನೆಲದ ಮಟ್ಟ, 19 ಏರು, ಮೇಲಿನ ಫಿನಿಶ್ ನೆಲ ಎಲ್ಲ ಅದರ ಮೇಲೆ ಗುರುತು ಹಾಕಿ, ಗೋಡೆಗೆ ಒರಗಿಸಿ ಇಡಿ. ಬಡಗಿ, ಮೇಸ್ತ್ರಿ, ಗ್ರಾನೈಟಿನವರು ಎಲ್ಲರೂ ಅದೇ ಪಟ್ಟಿ ನೋಡಿ ಕೆಲಸ ಮಾಡಲಿ. ಮೊದಲ ಮೆಟ್ಟಿಲು ದೊಡ್ಡದಾಗಿ ಕಂಡು ಮೇಸ್ತ್ರಿ ತಪ್ಪಾಗಿದೆ ಅಂತ ಸರಿಮಾಡಿಬಿಡುವ ಸಾಧ್ಯತೆ ಇದೆ, ಯಾಕೆ ಅಂತ ಬಿಡಿಸಿ ಹೇಳಿ.

ಸೆಂಟ್ರಿಂಗ್ ಆಗಿ ಕಾಂಕ್ರೀಟಿನೊಳಗಿನ ಕಬ್ಬಿಣ ಕಟ್ಟುವಾಗ ಇನ್ನೊಂದು ಜಾಗ ನೋಡಿ. ಕೆಳಗಿನ ಫ್ಲೈಟ್ ಮೇಲೆ ಬಂದು ಲ್ಯಾಂಡಿಂಗ್‌ಗೆ ಸೇರುವ ಮಡಿಕೆ. ಅಲ್ಲಿ ಕೆಳಪದರದ ಕಬ್ಬಿಣವನ್ನು ಬಾರ್ ಬೆಂಡರ್ (ಕಬ್ಬಿಣ ಕಟ್ಟುವವರು) ಹಲಗೆ ಬಾಗಿದ ಹಾಗೆಯೇ ಬಾಗಿಸಿ ಲ್ಯಾಂಡಿಂಗ್‌ನ ತಳದಲ್ಲೇ ಮುಂದಕ್ಕೆ ಒಯ್ದರೆ ತಪ್ಪು. ಭಾರ ಬಿದ್ದಾಗ ಆ ಕಬ್ಬಿಣ ನೆಟ್ಟಗಾಗಲು ನೋಡುತ್ತೆ, ಕೆಳಗಿನ ಕಾಂಕ್ರೀಟನ್ನು ಸಿಡಿಸಿಕೊಂಡು ಹೊರಬರುತ್ತೆ. ಫ್ಲೈಟಿನ ಕಬ್ಬಿಣ ನೇರವಾಗಿ ಹೋಗಿ ಲ್ಯಾಂಡಿಂಗ್‌ನ ಮೇಲ್ಪದರದಲ್ಲಿ ಕೂರಬೇಕು, ಲ್ಯಾಂಡಿಂಗ್‌ನ ತಳದ ಕಬ್ಬಿಣ ಬೇರೆಯಾಗಿ ಬಂದು ಫ್ಲೈಟಿನ ಮೇಲ್ಪದರಕ್ಕೆ ಹೋಗಬೇಕು. ಎರಡೂ ಒಂದನ್ನೊಂದು ಕತ್ತರಿಯ ಹಾಗೆ ದಾಟಬೇಕು. ಕಬ್ಬಿಣ ಎಷ್ಟು, ಯಾವ ಸೈಜು ಅನ್ನುವುದನ್ನು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಕೊಡಲಿ, ನಾನು ಇಲ್ಲಿಂದ ಹೇಳುವುದು ಸರಿಯಲ್ಲ. ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹಿಡಿದರೆ ಮೆಟ್ಟಿಲಿಗೆ 300 ಹಿಡಿಯುತ್ತೇವೆ ಅನ್ನುವುದನ್ನಷ್ಟೇ ನೆನಪಿಡಿ, ಅದು ಉಳಿದ ಸ್ಲ್ಯಾಬಿನ ಹಾಗಲ್ಲ.

ಹ್ಯಾಂಡ್‌ರೈಲ್ ವಿಷಯ. ಮೆಟ್ಟಿಲಿನ ನಡುಮಧ್ಯದಿಂದ ಮೇಲಿನ ಕಂಬಿಯ ತಲೆಯವರೆಗೆ 1 ಮೀಟರ್. ಇದು ಗೋಡೆ ಇಲ್ಲದ ಬದಿಯ ಕಟಾಂಜನಕ್ಕೆ (ರೇಲಿಂಗಿಗೆ). ಮೇಲಿನ ನೆಲದಲ್ಲಿ ಮೆಟ್ಟಿಲಿನ ಬಾಯಿ ಸುತ್ತ, ಬಾಲ್ಕನಿ, ತಾರಸಿ ಅಂಚಿಗೂ ಮೀಟರಿಗಿಂತ ಕಡಿಮೆ ಬೇಡ. ಈಗ ಎಲ್ಲರೂ ಹಾಕಿಸುವ ಸ್ಟೀಲ್ ಪೈಪಿನ ಡಿಸೈನ್ ಇದೆಯಲ್ಲ, ಅಡ್ಡಡ್ಡ ಮೂರು ನಾಲ್ಕು ಪೈಪು, ದಯವಿಟ್ಟು ಅದು ಬೇಡ. 3 ವರ್ಷದ ಮಗುವಿಗೆ ಅದು ಏಣಿ. ನೆಟ್ಟಗೆ ನಿಲ್ಲುವ ಸರಳುಗಳನ್ನೇ ಹಾಕಿಸಿ, ಸರಳಿಗೂ ಸರಳಿಗೂ ಸಂದು 10 ಸೆಂಟಿಮೀಟರ್ ಮೀರದಿರಲಿ. ಬ್ರಿಟನ್, ಅಮೆರಿಕದ ಸಂಹಿತೆಗಳಲ್ಲಿ ಸುಮಾರು 10 ಸೆಂಟಿಮೀಟರಿನ ಚೆಂಡು ಸರಳುಗಳ ಸಂದಿನಲ್ಲಿ ತೂರಬಾರದು ಅನ್ನುವ ಪರೀಕ್ಷೆ ಇದೆ, ಮಗುವಿನ ತಲೆ ಸಿಕ್ಕಿಹಾಕಿಕೊಳ್ಳಬಾರದು ಅಂತ. ಇಲ್ಲಿ ಯಾರೂ ಬಂದು ಅಳೆಯುವುದಿಲ್ಲ, ನೀವೇ ಅಳೆಯಿರಿ. ಗಾಜು ಹಾಕಿಸುವುದಾದರೆ ಲ್ಯಾಮಿನೇಟೆಡ್ ಟಫನ್ಡ್ ಗಾಜೇ ಆಗಬೇಕು. ಬರೀ ಟಫನ್ಡ್ ಒಡೆದರೆ ಪೂರ್ತಿ ಪುಡಿಯಾಗಿ ಉದುರಿ ಅಲ್ಲಿ ಏನೂ ಇರುವುದಿಲ್ಲ.

ಎರಡೂ ಕಡೆ ಕಂಬಿ ಬೇಕಾ ಅಂದಿರಿ. ಅಮ್ಮನಿಗೋಸ್ಕರ ಬೇಕು. ಹತ್ತುವಾಗ ಬಲಗೈಗೆ ಸಿಗುವ ಕಂಬಿ ಇಳಿಯುವಾಗ ಎಡಗೈಗೆ ಬರುತ್ತೆ, ನೋವಿರುವ ಕಾಲು ಯಾವುದು ಅನ್ನುವುದರ ಮೇಲೆ ಒಂದು ಕಡೆಯೇ ಸರಿ ಅನ್ನಿಸುತ್ತೆ. ಗೋಡೆ ಬದಿಗೆ 90 ಸೆಂಟಿಮೀಟರ್ ಎತ್ತರದಲ್ಲಿ ಒಂದು ದುಂಡು ಪೈಪ್ ಸಾಕು. ದಪ್ಪ ಒಂದೂವರೆ ಇಂಚು, ಹೆಚ್ಚೆಂದರೆ ಒಂದೂಮುಕ್ಕಾಲು. ಅಂಗಡಿಯಲ್ಲಿ ಕೊಡುವ 2 ಇಂಚಿನ ಪೈಪು ನೋಡಲು ಗಟ್ಟಿಮುಟ್ಟು, ಆದರೆ ವಯಸ್ಸಾದವರ ಬೆರಳು ಸುತ್ತ ಬರುವುದಿಲ್ಲ, ಜಾರಿದಾಗ ಹಿಡಿತ ಸಿಗುವುದಿಲ್ಲ. ಗೋಡೆಗೂ ಪೈಪಿಗೂ ನಡುವೆ 5 ಸೆಂಟಿಮೀಟರ್ ಬಿಡಿಸಿ, ಗೆಣ್ಣು ತಗಲಬಾರದು. ಕೇಂದ್ರ ಸರ್ಕಾರದ ಸುಗಮ್ಯತೆ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಕಟ್ಟಡಗಳಿಗೆ 76 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ ಜೋಡಿ ಕಂಬಿ ಹೇಳಿದ್ದಾರೆ. ಮೊದಲ ಮೆಟ್ಟಿಲಿಗಿಂತ ಒಂದು ಅಡಿ ಮುಂಚೆಯೇ ಕಂಬಿ ಶುರುವಾಗಿ ಕೊನೆಯ ಮೆಟ್ಟಿಲು ದಾಟಿ ಒಂದು ಅಡಿ ಮುಂದೆ ಹೋಗಬೇಕು ಅಂತಲೂ ಇದೆ. ಮನೆಗೆ ಕಡ್ಡಾಯ ಅಲ್ಲ, ಆದರೆ ಆ ಒಂದು ಅಡಿ ನಿಮ್ಮ ಮನೆಯಲ್ಲೂ ಇರಲಿ. ಕಾಲು ಮೆಟ್ಟಿಲಿನ ಮೇಲೆ ಇಡುವ ಮೊದಲೇ ಕೈಗೆ ಆಸರೆ ಸಿಗಬೇಕು ಅಲ್ವಾ.

ಕಂಬಿಯ ಕಂಬ ಗ್ರಾನೈಟಿಗೆ ಮಾತ್ರ ಸ್ಕ್ರೂ ಹಾಕಿ ನಿಲ್ಲಿಸುವುದು ಬೇಡ. ಕಲ್ಲನ್ನು ದಾಟಿ ಆಂಕರ್ ಬೋಲ್ಟ್ ಕಾಂಕ್ರೀಟಿನೊಳಕ್ಕೆ ಇಳಿಯಬೇಕು. ಮನೆಯೊಳಗಿನ ಕಟಾಂಜನ ಉದ್ದದ ಪ್ರತಿ ಮೀಟರಿಗೆ ಸುಮಾರು 35 ಕೆ.ಜಿ. ಅಡ್ಡ ತಳ್ಳುವಿಕೆ ತಡೆಯಬೇಕು ಅನ್ನುತ್ತದೆ ನಮ್ಮ ಭಾರದ ಮಾನಕ, ತಾರಸಿಯ ಅಂಚಿನದು 75. ಕೆಲಸ ಮುಗಿದ ದಿನ ಹಣ ಕೊಡುವ ಮೊದಲು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ.

ಮೆಟ್ಟಿಲ ಕೆಳಗಿನ ಟಾಯ್ಲೆಟ್: ಆಗುವುದಿಲ್ಲ. 10ನೇ ಏರಿನ ಲ್ಯಾಂಡಿಂಗ್ 1.68 ಮೀಟರ್ ಎತ್ತರದಲ್ಲಿ ಬರುತ್ತೆ, ಸ್ಲ್ಯಾಬ್ ಕಳೆದರೆ ಕೆಳಗೆ ಒಂದೂವರೆ ಮೀಟರ್ ಉಳಿಯುತ್ತೆ. ಜನ ಓಡಾಡುವ ಜಾಗಕ್ಕೆ 2.2 ಮೀಟರ್ ಬೇಕು. ಅಲ್ಲಿ ಯುಪಿಎಸ್, ಚಪ್ಪಲಿ ಸ್ಟ್ಯಾಂಡ್ ಇಡಿ. ಗ್ಯಾಸ್ ಸಿಲಿಂಡರ್ ಬೇಡ, ಬೆಂಕಿ ಬಿದ್ದರೆ ಮೇಲಿನವರು ಇಳಿಯಲು ಇರುವುದು ಅದೊಂದೇ ದಾರಿ. ಅದೇ 2.2 ಮೀಟರ್ ಮೆಟ್ಟಿಲಿನ ಮೇಲೂ ಇರಬೇಕು. ಮೇಲಿನ ನೆಲದ ಅಂಚಿನಲ್ಲಿ ಕೆಳಗೆ ಇಳಿದ ಬೀಮ್ ಬಂದರೆ ಹತ್ತುವವರ ಹಣೆಗೆ ಬಡಿಯುತ್ತೆ, ಸೆಂಟ್ರಿಂಗ್ ಹಂತದಲ್ಲೇ ಟೇಪ್ ಹಿಡಿದು ನೋಡಿ.

ಮೇಲ್ಮೈಗೆ ಕನ್ನಡಿಯಂಥ ಪಾಲಿಶ್ ಕಪ್ಪು ಗ್ರಾನೈಟ್ ಬೇಡ. ಒದ್ದೆ ಕಾಲಿಗೆ ಜಾರುತ್ತೆ, ಮೇಲಿನಿಂದ ನೋಡಿದರೆ ಯಾವ ಮೆಟ್ಟಿಲು ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಅಂಚಿನಲ್ಲಿ ಕಾಲು ಜಾರದಂತೆ ಎರಡು ಮೂರು ಗೀರು (ಗ್ರೂವ್) ಹೊಡೆಸಿ, ಇಲ್ಲವೇ ಒರಟು ಫಿನಿಶ್ ತಗೊಳ್ಳಿ, ಅಂಚಿಗೆ ಬೇರೆ ಬಣ್ಣದ ಎರಡು ಇಂಚಿನ ಪಟ್ಟಿ ಬರಲಿ. ಮುಂದೆ ತಾರಸಿಗೆ ಹೊರಗಿನಿಂದ ಮೆಟ್ಟಿಲು ಮಾಡಿಸುವುದಾದರೆ ಸಾದರಹಳ್ಳಿ ಬೂದು ಕಲ್ಲಿನಂಥ ಒರಟು ಕಲ್ಲೇ ವಾಸಿ, ನೀರು ನಿಲ್ಲದ ಹಾಗೆ ಮುಂದಕ್ಕೆ ಸ್ವಲ್ಪ ಇಳಿಜಾರು ಕೊಡಿಸಿ. ಜಾಗ ಉಳಿಸಲು ಸುರುಳಿ ಮೆಟ್ಟಿಲು ಮಾಡೋಣ ಅಂತ ಯಾರಾದರೂ ಹೇಳಿದರೆ, ಅದಕ್ಕೂ ಕನಿಷ್ಠ ಒಂದೂವರೆ ಮೀಟರ್ ವ್ಯಾಸ ಬೇಕು, ಅಮ್ಮ ಅದನ್ನು ಹತ್ತಲಾರರು.

ಎಲೆಕ್ಟ್ರಿಷಿಯನ್ ಪೈಪ್ ಎಳೆಯುವ ಮೊದಲು ಹೇಳಿಬಿಡಿ. ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್ ಬೇಕು, ಲ್ಯಾಂಡಿಂಗ್‌ನ ಗೋಡೆಯಲ್ಲಿ ಒಂದು ಪಾಯಿಂಟ್ ಬೇಕು. ದೀಪ ನಿಮ್ಮ ಬೆನ್ನ ಹಿಂದಿದ್ದರೆ ಇಳಿಯುವಾಗ ನಿಮ್ಮದೇ ನೆರಳು ಮುಂದಿನ ಮೆಟ್ಟಿಲಿನ ಮೇಲೆ ಬೀಳುತ್ತೆ, ಆದ್ದರಿಂದ ಪಕ್ಕದ ಗೋಡೆಯಿಂದ ಬೆಳಕು ಬರುವ ಹಾಗೆ ಮಾಡಿಸಿ.